ನೀರಿನ ಡ್ಯೂಟಿ

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದ್ರೂ ನಿಲ್ಲಿಸಿ, ಡ್ಯೂಟಿ ಅಂದ್ರೆ ಏನು ಅಂತ ಕೇಳಿ. ಕೆಲಸ ಅಂತಾರೆ. ಕಂಡಕ್ಟರ್ ಡ್ಯೂಟಿ ಮೇಲಿದ್ದಾನೆ, ನರ್ಸಮ್ಮ ನೈಟ್ ಡ್ಯೂಟಿಗೆ ಹೋದಳು. ಸ್ವಲ್ಪ ಓದಿದವರಾದ್ರೆ ಕರ್ತವ್ಯ ಅನ್ನಬಹುದು. ಅದೇ ಪ್ರಶ್ನೆಯನ್ನ ನೀರಾವರಿ ಎಂಜಿನಿಯರಿಗೆ ಕೇಳಿದರೆ ಉತ್ತರವೇ ಬೇರೆ. ಒಂದು ಕ್ಯೂಸೆಕ್ ನೀರು ಎಷ್ಟು ಎಕರೆ ಬೆಳೆಯನ್ನ ಸಾಕುತ್ತದೋ ಅದು ಡ್ಯೂಟಿ. ಅಂದ್ರೆ ನೀರಿಗೂ ಡ್ಯೂಟಿ ಉಂಟು! ಭತ್ತದ ಗದ್ದೆಯಲ್ಲಿ ಅದರ ಡ್ಯೂಟಿ ಕಡಿಮೆ, ಜೋಳದ ಹೊಲದಲ್ಲಿ ಜಾಸ್ತಿ.

ಈ ಅರ್ಥ ಹಳೇದು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಗಣಿಯಿಂದ ನೀರೆತ್ತುವ ಉಗಿ ಯಂತ್ರಗಳಿದ್ದವು. ಇಷ್ಟು ಕಲ್ಲಿದ್ದಲು ತಿಂದು ಎಷ್ಟು ನೀರು ಎತ್ತಿತು ಅನ್ನೋ ಲೆಕ್ಕಕ್ಕೂ ಡ್ಯೂಟಿ ಅಂತಲೇ ಕರೆಯುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ ಪದದ ಬೇರು ‘ಡ್ಯೂ’. ಕೊಡಬೇಕಾದ್ದು, ಬಾಕಿ, ನಮ್ಮ ಮಾತಲ್ಲಿ ಋಣ. ಸರ್ಕಾರಕ್ಕೆ ಕಟ್ಟುವ ಸುಂಕಕ್ಕೂ ಡ್ಯೂಟಿ ಅನ್ನೋದು ಇದಕ್ಕೇ.

ನಾನು ಸಾಫ್ಟ್‌ವೇರಿನವನು. ಆದರೆ ಸಿರುಗುಪ್ಪದ ಕಡೆ ಹಳ್ಳಿಯಲ್ಲಿ ಬೆಳೆದಿದ್ದರಿಂದ ಕಾಲುವೆಯ ಇಂಗ್ಲಿಷು ಸಣ್ಣವನಿದ್ದಾಗಲೇ ಕಿವಿಗೆ ಬಿದ್ದಿತ್ತು. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆಯನ್ನ ನಮ್ಮಲ್ಲಿ ಅಕ್ಷರ ಬಾರದವರೂ ಎಲ್ಲೆಲ್ಸಿ ಅಂತಾರೆ. ಕುರುಗೋಡು, ಸಿರುಗುಪ್ಪದ ಕಡೆಯಿಂದ ಹಾದು ಅದು ಮುಂದೆ ಆಂಧ್ರಕ್ಕೆ ಹೋಗುತ್ತದೆ. ತೂಬಿನ ಹತ್ತಿರ ನಿಲ್ಲುವ ಮನುಷ್ಯ ಲಸ್ಕರ್. ಪಾರ್ಸಿಯಲ್ಲಿ ಲಷ್ಕರ್ ಅಂದ್ರೆ ಸೈನ್ಯ. ಆ ಮಾತು ಇಂಗ್ಲಿಷರ ಬಾಯಿಗೆ ಬಿದ್ದು ಅವರ ಹಡಗಿನ ಹಿಂದೂಸ್ತಾನಿ ನಾವಿಕ ಆಯಿತು, ಫಿರಂಗಿ ಎಳೆಯುವ ಕೂಲಿ ಆಯಿತು, ಕೊನೆಗೆ ನಮ್ಮ ಕಾಲುವೆ ದಂಡೆ ಮೇಲೆ ಸೈಕಲ್ ತುಳಿಯುವ ಬಡಪಾಯಿ ಆಯಿತು. ಇಡೀ ಸೈನ್ಯ ಹೋಗಿ ಒಬ್ಬ ಉಳಿದ.

ಈ ಪದಗಳಲ್ಲಿ ನನಗೆ ಹೆಚ್ಚು ಕಾಡಿದ್ದು ‘ಲೋಕಲೈಜ್’. ನಮ್ಮ ಆಫೀಸಿನಲ್ಲಿ ಲೋಕಲೈಸೇಶನ್ ಅಂದ್ರೆ ಆ್ಯಪನ್ನ ಆಯಾ ಊರಿನ ಭಾಷೆಗೆ, ತಾರೀಖು ಬರೆಯೋ ಪದ್ಧತಿಗೆ, ದುಡ್ಡಿನ ಗುರುತಿಗೆ ಒಗ್ಗಿಸೋದು. ಊರಿಗೆ ಹೋದಾಗ ಮಾವ ಅಂದ: “ನಮ್ದು ಲೋಕಲೈಜ್ ಆಗಿಲ್ಲಪ್ಪ, ನೀರು ಕೊಡಂಗಿಲ್ಲಂತ.” ಇಲ್ಲಿ ಅದರ ಅರ್ಥ: ಯಾವ ಸರ್ವೆ ನಂಬರಿಗೆ, ಯಾವ ಹಂಗಾಮಿನಲ್ಲಿ, ಯಾವ ಬೆಳೆಗೆ ನೀರು ಅಂತ ಕಾಗದದ ಮೇಲೆ ಗೊತ್ತು ಮಾಡೋದು.

ಮಾವನ ಮಾತಿನ ಕ್ರಿಯಾಪದ ನೋಡಿ. ‘ಆಗಿಲ್ಲ’. ಮಳೆ ಆಗಿಲ್ಲ, ಬೆಳೆ ಆಗಿಲ್ಲ ಅಂದ ಹಾಗೆ. ಮಳೆ ಆಗೋದಕ್ಕೆ ಯಾರನ್ನೂ ಕೇಳಕ್ಕಾಗಲ್ಲ. ಆದರೆ ಲೋಕಲೈಜ್ ತಾನಾಗಿ ಆಗೋ ಸಂಗತಿ ಅಲ್ಲ. ಯಾರೋ ಕೂತು ನಕ್ಷೆ ಬಿಡಿಸಿ, ಈ ಹೊಲ ಒಳಗೆ, ಆ ಹೊಲ ಹೊರಗೆ ಅಂತ ಗೆರೆ ಎಳೆದಿದ್ದಾರೆ. ಇಂಗ್ಲಿಷಿನ ಪದ ಬಂದ ಕೂಡಲೇ ಆ ಯಾರೋ ಮಾಯ. ಮನುಷ್ಯ ಮಾಡಿದ ತೀರ್ಮಾನ ಹವಾಮಾನ ಆಗಿಬಿಡುತ್ತದೆ. ಇದು ಬರೀ ಭಾಷೆಯ ಸಮಸ್ಯೆ ಅಂತ ನನಗನ್ನಿಸಲ್ಲ. ಅರ್ಥವಾಗದ ಪದಕ್ಕೆ ತಲೆಬಾಗೋದು ಬೇರೆ, ತೀರ್ಮಾನಕ್ಕೆ ಒಪ್ಪೋದು ಬೇರೆ.

ಈ ಜಿಲ್ಲೆಗೆ ಇದು ಹೊಸದೂ ಅಲ್ಲ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ಅವತ್ತಿನಿಂದ ನಾವು ‘ಸೀಡೆಡ್’ ಜಿಲ್ಲೆಗಳವರು, ಬಿಟ್ಟುಕೊಟ್ಟವರು. ಕೊಟ್ಟವನ ಹೆಸರಿಲ್ಲ, ತಗೊಂಡವನ ಹೆಸರಿಲ್ಲ, ಉಳುವವನನ್ನ ಕೇಳಿದ್ದಂತೂ ಇಲ್ಲ. ಈ ಹೆಸರು ಅವಮಾನ ಅಂತ ಅನ್ನಿಸಿ 1928ರಲ್ಲಿ ನಂದ್ಯಾಲದಲ್ಲಿ ಸೇರಿದ ಮುಖಂಡರು ರಾಯಲಸೀಮೆ ಅಂತ ಕರೆದುಕೊಂಡರು. ತೆಲುಗು ಸಿನಿಮಾ ಹಂಚಿಕೆದಾರರು ಮಾತ್ರ ಇವತ್ತಿಗೂ ಆ ಕಡೆಯ ಕಲೆಕ್ಷನ್ನಿಗೆ ‘ಸೀಡೆಡ್’ ಅಂತಲೇ ಲೆಕ್ಕ ಬರೀತಾರೆ. ಪಾಪ, ಅವರಿಗೆ ಅರ್ಥ ಬೇಕಾಗಿಲ್ಲ, ಟಿಕೆಟ್ ಹೋದರೆ ಸಾಕು.

ಹಾಗಾದರೆ ಲೋಕಲೈಜ್ ಅನ್ನೋದು ಕೆಟ್ಟ ಪದವಾ? ಇಲ್ಲೇ ನನ್ನ ಸಿಟ್ಟು ಸ್ವಲ್ಪ ತಣ್ಣಗಾಗೋದು. ಬಳ್ಳಾರಿ ಬರದ ಸೀಮೆ. 1876–78ರ ಬರದಲ್ಲಿ ಇಲ್ಲಿ ಸತ್ತವರು ಕಡಿಮೆಯಲ್ಲ. ಡ್ಯಾಮ್ ಕಟ್ಟಿದವರು ಇರೋ ನೀರನ್ನ ಕೆಲವರಿಗೆ ಹೊಟ್ಟೆ ತುಂಬ ಕೊಡದೆ ಬಹಳ ಮಂದಿಗೆ ತೆಳ್ಳಗೆ ಹಂಚೋಣ ಅಂತ ಯೋಚಿಸಿದರು. ಅದಕ್ಕೇ ಬಹಳಷ್ಟು ಹೊಲಗಳಿಗೆ ಜೋಳ, ಹತ್ತಿ, ಶೇಂಗಾದಂಥ ಬೆಳೆ ಬರೆದರು, ಭತ್ತ ಸ್ವಲ್ಪಕ್ಕೆ ಮಾತ್ರ. ಆ ಕಾಗದದಲ್ಲಿ ನ್ಯಾಯ ಇತ್ತು. ಕಾಲುವೆಯ ಮೇಲ್ಭಾಗದಲ್ಲಿ ಜೋಳ ಅಂತ ಬರೆದಿದ್ದ ಹೊಲಗಳಿಗೆ ಭತ್ತ ಇಳಿಯಿತು, ಕೊನೆಯವರಿಗೆ ಟೇಲೆಂಡ್ ಅಂತ ಹೆಸರು ಬಂತು. ಟೇಲೆಂಡಿಗೆ ನೀರು ಮುಟ್ಟಿಲ್ಲ ಅಂತೀವಿ. ಅದೂ ಹವಾಮಾನದ ವ್ಯಾಕರಣವೇ. ಮೇಲಿನವರು ಬಿಟ್ಟಿಲ್ಲ ಅಂತ ಹೇಳೋದಿಲ್ಲ, ಯಾಕಂದ್ರೆ ಮೇಲಿನವರಲ್ಲಿ ನಮ್ಮ ಬೀಗರೂ ಇರ್ತಾರೆ.

ಡ್ಯೂಟಿಯ ಹಳೇ ಅರ್ಥ ನನಗೆ ಉಪಯೋಗಕ್ಕೆ ಬಂದದ್ದು ಇಲ್ಲಿ. ನೀರಿನ ಡ್ಯೂಟಿ ಬರೀ ಎಕರೆ ಲೆಕ್ಕ ಅಂದುಕೊಂಡರೆ ಅದನ್ನ ಎಂಜಿನಿಯರಿಗೆ ಬಿಟ್ಟು ಸುಮ್ಮನಿರಬಹುದು. ಬಾಕಿ ಅಂದುಕೊಂಡರೆ ಹಾಗಿರಕ್ಕಾಗಲ್ಲ. ಬಾಕಿಗೆ ಕೊಡುವವನೊಬ್ಬ, ಪಡೆಯುವವನೊಬ್ಬ ಇರಲೇಬೇಕು. ನನ್ನ ಗದ್ದೆಯಲ್ಲಿ ಮೊಣಕಾಲುದ್ದ ನಿಂತ ನೀರಿನಲ್ಲಿ ಕೆಳಗಿನವನ ಪಾಲೆಷ್ಟು ಅನ್ನೋ ಪ್ರಶ್ನೆ ಆಗ ಏಳುತ್ತದೆ.

ಪದಗಳನ್ನ ಕನ್ನಡ ಮಾಡಿದರೆ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ‘ಸ್ಥಳೀಕರಣ’ ಅಂತ ಬರೆದರೂ ಮಾವನಿಗೆ ಅಷ್ಟೇ ದೂರ. ಪ್ರತಿ ತೂಬಿನ ಕೆಳಗೆ ಯಾವ ನಂಬರಿನ ಹೊಲಕ್ಕೆ ಯಾವ ಬೆಳೆ, ಹಂಗಂತ ಗೊತ್ತು ಮಾಡಿದ್ದು ಯಾರು, ಯಾವ ವರ್ಷ ಅಂತ ಬರೆದು ಪಂಚಾಯ್ತಿ ಗೋಡೆಗೆ ಹಚ್ಚಬೇಕು ಅಂದೆ. ಮಾವ ನಕ್ಕ. “ಹಚ್ಚಿದ್ರೆ ಮೊದಲು ಹರಿಯೋರು ಮೇಲಿನೋರಲ್ಲ, ನಮ್ಮೋರೇ. ನಮ್ಮ ತೂಬಿನಾಗೂ ಭತ್ತ ಐತಲ್ಲೋ.” ಅವನ ಮೂರು ಎಕರೆಯ ಹಿಂದೆ ಇನ್ನೂ ಎಂಟು ಹೊಲ ಇವೆ. ಅವಕ್ಕೆ ನೀರು ಯಾವಾಗ ಹೋಗುತ್ತೆ ಅಂತ ಕೇಳಿದ್ದಕ್ಕೆ, ಲಸ್ಕರನ್ನ ಕೇಳು ಅಂದ.