ಕದ್ದು ಕೇಳುವ ಕಿವಿಗೆ ಲೆಕ್ಕ ಕೇಳುವವರು ಯಾರು?

ನಾಲೆಗೆ ನೀರು ಬಿಡಿ ಎಂದು ಕೇಳಲು ಕೊತ್ತತ್ತಿ ಹೋಬಳಿಯ ರೈತರು ಮಂಡ್ಯಕ್ಕೆ ಬಂದು ಸರ್ ಎಂ.ವಿ. ಪ್ರತಿಮೆಯ ಎದುರು ಧರಣಿ ಕೂತರೆ ಎರಡು ಬಗೆಯ ಪೊಲೀಸರು ಎದುರಾಗುತ್ತಾರೆ. ಖಾಕಿಯವರು ರಸ್ತೆ ಕಾಯುತ್ತಾರೆ. ಮಫ್ತಿಯವರು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಮುಖಗಳನ್ನು ಸೆರೆಹಿಡಿಯುತ್ತಾರೆ, ಯಾವ ಊರು, ಮುಖಂಡ ಯಾರು ಎಂದು ವಿಚಾರಿಸಿಕೊಳ್ಳುತ್ತಾರೆ. ಆ ಮಾಹಿತಿ ಯಾವ ಕಡತ ಸೇರುತ್ತದೆ, ಎಷ್ಟು ವರ್ಷ ಉಳಿಯುತ್ತದೆ ಎಂಬುದು ಧರಣಿ ಕೂತವರಿಗೆ ತಿಳಿಯುವುದಿಲ್ಲ. ಶಾಂತಿಯುತವಾಗಿ ಸಭೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಹಕ್ಕು ಚಲಾಯಿಸಿದವರ ಮೇಲೆ ಸರ್ಕಾರಕ್ಕೆ ಕಣ್ಣು ಏಕೆ?

ತಪ್ಪು ಮಾಡದವನಿಗೆ ಭಯ ಏಕೆ ಎಂಬ ಮಾತು ಹಳ್ಳಿಕಟ್ಟೆಯಲ್ಲೂ ಕೇಳುತ್ತದೆ, ವಿಧಾನಸೌಧದಲ್ಲೂ ಕೇಳುತ್ತದೆ. ಈ ಮಾತಿಗೆ ಉತ್ತರ ಮದ್ದೂರಿನ ಮಗ್ಗುಲಲ್ಲೇ ಇದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿತು. ತ್ರಿವರ್ಣ ಧ್ವಜ ಹಾರಿಸಬಾರದೆಂದು ನಿಷೇಧಾಜ್ಞೆ ಹೊರಟಿತು. ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರೂ ಅವರ ಜೊತೆಗಾರರೂ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಇದೇ ಧ್ವಜದ ಚಳವಳಿಯ ಮೇಲೆ ಗೋಲಿಬಾರ್ ನಡೆದು ಜನ ಸತ್ತರು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತುಕತೆ ನಡೆಸಿದ ಮೇಲೆ, ಮೇ ತಿಂಗಳಲ್ಲಿ, ಮೈಸೂರು ಧ್ವಜದ ಪಕ್ಕದಲ್ಲಿ ಅದೇ ತ್ರಿವರ್ಣ ಹಾರಿಸಲು ಒಪ್ಪಿಗೆ ಸಿಕ್ಕಿತು. ಏಪ್ರಿಲ್‌ನಲ್ಲಿ ಅಪರಾಧವಾಗಿದ್ದದ್ದು ಮೇನಲ್ಲಿ ಹಕ್ಕಾಯಿತು. ಧ್ವಜ ಹಾರಿಸಿದವರು ಮಾತ್ರ ಅವರೇ. ಯಾವುದು ತಪ್ಪು ಎಂದು ತೀರ್ಮಾನಿಸುವವರು ಅಧಿಕಾರದಲ್ಲಿ ಇರುವವರೇ ಆದಾಗ, ತಪ್ಪು ಮಾಡಿಲ್ಲ ಎಂಬ ಧೈರ್ಯ ಎಷ್ಟು ದಿನ ಕಾಯುತ್ತದೆ?

ಅಧಿಕಾರದಲ್ಲಿದ್ದವರನ್ನೂ ಆ ಧೈರ್ಯ ಕಾಯಲಿಲ್ಲ. ದೂರವಾಣಿ ಕದ್ದಾಲಿಕೆಯ ಹಗರಣದಲ್ಲಿ 1988ರ ಆಗಸ್ಟ್ 10ರಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. 2019ರ ಆಗಸ್ಟ್‌ನಲ್ಲಿ, ಹಿಂದಿನ ಮೈತ್ರಿ ಸರ್ಕಾರದ ಕಾಲದ ಕದ್ದಾಲಿಕೆಯ ಆರೋಪವನ್ನು ಹೊಸ ಸರ್ಕಾರ ಸಿಬಿಐಗೆ ಒಪ್ಪಿಸಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ಸ್ವಾಮೀಜಿಯವರ ಫೋನನ್ನೂ ಬಿಟ್ಟಿರಲಿಲ್ಲ ಎಂಬ ಆರೋಪ ಕೇಳಿಬಂತು, ಆ ಸರ್ಕಾರದ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಕದ್ದಾಲಿಕೆಯ ಆರೋಪವನ್ನು ನಿರಾಕರಿಸಿದರು. 2021ರ ಜುಲೈನಲ್ಲಿ ಪೆಗಾಸಸ್ ಎಂಬ ಗೂಢಚಾರಿ ತಂತ್ರಾಂಶದ ಸಂಭಾವ್ಯ ಗುರಿಗಳ ಪಟ್ಟಿ ಹೊರಬಿದ್ದಾಗ ಅದೇ ಕುಮಾರಸ್ವಾಮಿಯವರ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಅದರಲ್ಲಿದ್ದವು ಎಂದು ವರದಿಯಾಯಿತು. ಆರೋಪ ಹೊತ್ತವರ ಆಪ್ತರೇ ಗುರಿಯ ಪಟ್ಟಿಯಲ್ಲೂ ಇದ್ದರು. ಮಂತ್ರಿಗಳ ಮಟ್ಟದಲ್ಲೇ ಹೀಗಾದರೆ ಕಬ್ಬಿನ ಬಾಕಿಗಾಗಿ ದನಿ ಎತ್ತಿದವರ ಪಾಡೇನು?

ಕಾನೂನು ಇಲ್ಲವೆಂದಲ್ಲ. ಕದ್ದಾಲಿಕೆಗೆ ಅವಕಾಶ ಕೊಡುತ್ತಿದ್ದ 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮಿಗೆ ಸುಪ್ರೀಂ ಕೋರ್ಟ್ 1996ರಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ, ಕಡಿವಾಣ ಹಾಕಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು ಎಂದಿತು. ಈಗ 2023ರ ದೂರಸಂಪರ್ಕ ಕಾಯ್ದೆ, 2024ರ ಡಿಸೆಂಬರಿನ ನಿಯಮಗಳು ಬಂದಿವೆ. ಹಳೆಯ ಕೊರತೆ ಹಾಗೆಯೇ ಉಳಿದಿದೆ: ಆದೇಶ ಹೊರಡಿಸುವವರು ಕಾರ್ಯದರ್ಶಿ, ಅದನ್ನು ಪರಿಶೀಲಿಸುವವರೂ ಕಾರ್ಯದರ್ಶಿಗಳೇ. ನಡುವೆ ನ್ಯಾಯಾಧೀಶರು ಎಲ್ಲೂ ಇಲ್ಲ. ತನ್ನ ಫೋನನ್ನು ಯಾರೋ ಕೇಳಿದ್ದಾರೆಂದು ಗೊತ್ತೇ ಆಗದವನು ದೂರು ಕೊಡುವುದಾದರೂ ಹೇಗೆ?

ಭಯೋತ್ಪಾದಕರು, ಸುಪಾರಿ ಹಂತಕರು, ಮಾದಕ ವಸ್ತು ಸಾಗಿಸುವವರ ಫೋನನ್ನು ಕೇಳಲೇಬೇಕಾಗುತ್ತದೆ. ಆ ಅಗತ್ಯವನ್ನು ಅಲ್ಲಗಳೆದರೆ ವಾದ ನಿಲ್ಲುವುದಿಲ್ಲ. ಆದರೆ ಅಪರಾಧದ ಮೇಲೆ ಕಣ್ಣಿಡುವುದು ಬೇರೆ, ಅಭಿಪ್ರಾಯದ ಮೇಲೆ ಕಣ್ಣಿಡುವುದು ಬೇರೆ. ಅಭಿಪ್ರಾಯ ಒಂದೇ ಸಲಕ್ಕೆ ಹುಟ್ಟುವುದಿಲ್ಲ. ನಾಲ್ಕು ಜನ ಕೂತು, ಬೈದು, ಜಗಳವಾಡಿ, ಮಾತು ತಿದ್ದಿಕೊಂಡು ಒಂದು ನಿಲುವಿಗೆ ಬರುತ್ತಾರೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂಬ ಅನುಮಾನ ಬಂದರೆ ಆ ಮಾತು ಅಲ್ಲೇ ನಿಂತುಹೋಗುತ್ತದೆ. ಆಗ ಯಾರನ್ನೂ ಬಂಧಿಸಬೇಕಾಗಿಲ್ಲ, ಚಳವಳಿ ಹುಟ್ಟುವ ಮೊದಲೇ ಸತ್ತಿರುತ್ತದೆ. ಪೊಲೀಸ್ ಕಣ್ಗಾವಲನ್ನು ಪ್ರಶ್ನಿಸಿದ 1962ರ ಖರಕ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ತಮ್ಮ ಭಿನ್ನ ತೀರ್ಪಿನಲ್ಲಿ ಇದನ್ನು ಗ್ರಹಿಸಿದ್ದರು. ಕಾವಲಿನ ನೆರಳಿನಲ್ಲಿ ಓಡಾಡುವವನನ್ನು ಸ್ವತಂತ್ರನೆನ್ನಲು ಅವರು ಒಪ್ಪಲಿಲ್ಲ. ಆ ನಿಲುವನ್ನು ದೇಶ ಒಪ್ಪಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಅಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನನ್ನು ಎಫ್‌ಬಿಐ ಕೇಳಿಸಿಕೊಂಡಿತ್ತು. ಅದೇ ದೇಶದ 1968ರ ಕಾಯ್ದೆಯ ಪ್ರಕಾರ ಅಪರಾಧ ತನಿಖೆಗೆ ಫೋನ್ ಕೇಳಲು ನ್ಯಾಯಾಧೀಶರ ಅನುಮತಿ ಬೇಕು, ಮುಗಿದ ಮೇಲೆ ಆ ವ್ಯಕ್ತಿಗೆ ತಿಳಿಸಬೇಕು. ಇಲ್ಲೂ ಆ ಎರಡು ಷರತ್ತು ಬೇಕು. ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ, ಅದು ತಡವಾಗಬಹುದು. ಅಲ್ಲಿಯವರೆಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇಷ್ಟನ್ನಾದರೂ ಕೇಳಲಿ: ಕಳೆದ ವರ್ಷ ರಾಜ್ಯದಲ್ಲಿ ಕದ್ದಾಲಿಕೆಗೆ ಎಷ್ಟು ಆದೇಶ ಹೊರಟವು, ಪರಿಶೀಲನಾ ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಆದೇಶಗಳನ್ನು ರದ್ದು ಮಾಡಿತು?