ತೆನೆ ತೆನೆ ಕೂಡಿದ ಬಳ್ಳ

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಈ ಗಾದೆಯ ಎರಡು ತುಂಡುಗಳೂ ಒಂದೇ ಮಾತನ್ನು ಹೇಳುತ್ತವೆಂದು ತಿಳಿದುಬಿಟ್ಟಿದ್ದೇವೆ. ಮಳೆ ಬಂದರೆ ಹಳ್ಳ ತಾನಾಗಿ ಕೂಡುತ್ತದೆ. ಬಳ್ಳ ಹಾಗಲ್ಲ, ಬಗ್ಗಿ ಆಯಬೇಕು, ಬಡಿಯಬೇಕು, ತೂರಬೇಕು, ಅಳೆಯಬೇಕು. ಮಳೆಯನ್ನೇ ನೆಚ್ಚಿದ ಜಗಳೂರು ಸೀಮೆಗೆ ಗಾದೆಯ ಮೊದಲರ್ಧ ಎಷ್ಟೋ ವರ್ಷ ಕೈಕೊಟ್ಟಿದೆ. ಸಂಸಾರ ನಿಲ್ಲುವುದು ಎರಡನೆಯರ್ಧದ ಮೇಲೆ.

ಬೈಬಲ್ ಓದುವ ಮನೆಗಳು ಈ ಎರಡನೆಯರ್ಧದಲ್ಲಿ ರೂತಳನ್ನು ಕಾಣುತ್ತವೆ. ಗಂಡನನ್ನು ಕಳೆದುಕೊಂಡು ಅತ್ತೆಯೊಡನೆ ಪರದೇಶಕ್ಕೆ ಬಂದವಳು. ಬೇತ್ಲೆಹೇಮಿನಲ್ಲಿ ಬೋವಜನ ಜವೆಗೋಧಿಯ ಹೊಲದಲ್ಲಿ ಕೊಯ್ಯುವವರ ಹಿಂದೆ ಸಂಜೆಯವರೆಗೂ ಹಕ್ಕಲಾಯ್ದಳು. ಬಡಿದು ಅಳೆದರೆ ಒಂದು ಏಫದಷ್ಟು, ಇಂದಿನ ಲೆಕ್ಕದಲ್ಲಿ ಸುಮಾರು 22 ಲೀಟರ್. ಮಧ್ಯಾಹ್ನ ಕೊಟ್ಟ ಹುರಿಗಾಳನ್ನು ಹೊಟ್ಟೆತುಂಬ ತಿಂದು, ಮಿಕ್ಕದ್ದನ್ನು ಅತ್ತೆ ನೊವೊಮಿಗೆ ತಂದುಕೊಟ್ಟಳು. ದುಡಿದದ್ದನ್ನು ಅಂದೇ ಅಳೆದಳು, ಉಪವಾಸ ಬಿದ್ದು ಉಳಿಸಲಿಲ್ಲ, ಮಿಕ್ಕದ್ದನ್ನು ಚೆಲ್ಲಲಿಲ್ಲ. ಕ್ರೈಸ್ತ ಮನೆಯ ಹಣಕಾಸಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ನಾವು ಸೋಲುವುದು ಅಳೆಯುವಲ್ಲಿ. ಚನ್ನಗಿರಿಯಲ್ಲಿ ಕೊಯ್ಲು ಶುರುವಾದರೆ ಹೆಂಗಸರು ಅಡಿಕೆ ಸುಲಿಯಲು ಕೂರುತ್ತಾರೆ, ಸುಲಿದಷ್ಟಕ್ಕೆ ಕೂಲಿ. ಯಂತ್ರ ಬಂದ ಮೇಲೆ ಆ ಕೆಲಸವೂ ತೆಳ್ಳಗಾಗಿದೆ. ಹೊನ್ನಾಳಿ, ನ್ಯಾಮತಿಯ ಹಳ್ಳಿಗಳಲ್ಲಿ ಒಂದೆರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವವರಿದ್ದಾರೆ, ರವಿಕೆ ಹೊಲಿಯುವವರಿದ್ದಾರೆ, ರೊಟ್ಟಿ ತಟ್ಟಿ ಮಾರುವವರಿದ್ದಾರೆ. ಹಾಲಿನ ದುಡ್ಡು ಕೈಗೆ ಬಂದಾಗ ಹಿಂಡಿ, ಬೂಸಾದ ಖರ್ಚು ಕಳೆಯದೆ ಅಷ್ಟೂ ಲಾಭವೆಂದುಕೊಳ್ಳುತ್ತೇವೆ. ದಾರ, ಕರೆಂಟು, ಸೌದೆ, ತಾಯಿ ನಿದ್ದೆಗೆಟ್ಟದ್ದು, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಈ ಗಳಿಕೆಗೆ ಬೇರೆಯೇ ಒಂದು ನೋಟ್‌ಬುಕ್ ಬೇಕು. ಮನೆಖರ್ಚಿನ ಜೊತೆ ಬೆರೆಸಿದರೆ ಬಳ್ಳ ತುಂಬಿತೋ ಇಲ್ಲವೋ ತಿಳಿಯುವುದೇ ಇಲ್ಲ.

ಇನ್ನು ವಾರದ ಕಂತು. ಒಂದು ಸಂಘದ ಸಾಲ ತೀರಿಸಲು ಇನ್ನೊಂದರಲ್ಲಿ ಎತ್ತಿದವರ ಪಾಡು ಎಲ್ಲರಿಗೂ ಗೊತ್ತು. ಮೈಕ್ರೊಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದೇ ಸಂಕಟದಲ್ಲಿರುವವರ ಮೊಬೈಲಿಗೆ, ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ಗಳಿಸಿ ಎಂಬ ಸಂದೇಶ ಬರುತ್ತದೆ. ಮೊದಲು ನೀವೇ ದುಡ್ಡು ಕಟ್ಟಿ ಎನ್ನುವ ಕೆಲಸ ಕೆಲಸವಲ್ಲ, ಮೋಸ. ಕಟ್ಟಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಸೇರಿದ್ದ ಶಿವಮೊಗ್ಗ ಜಿಲ್ಲೆಯಲ್ಲಿ ಹಿಂದೆ ವೆಸ್ಲಿಯನ್ ಮಿಷನ್ ಇತ್ತು. ಆ ಪಂಥಕ್ಕೆ ಹೆಸರು ಕೊಟ್ಟ ಜಾನ್ ವೆಸ್ಲಿ ಹಣದ ಬಗ್ಗೆ ಮಾಡಿದ ಪ್ರಸಂಗ 1760ರಲ್ಲಿ ಅಚ್ಚಾಯಿತು. ಗಳಿಸುವುದು, ಉಳಿಸುವುದು, ಕೊಡುವುದು ಮೂರೂ ಕರ್ತವ್ಯವೆಂದ ಆತ, ಮೈಯ ಆರೋಗ್ಯ ಕೆಡಿಸಿಕೊಂಡಾಗಲಿ ನೆರೆಯವರನ್ನು ಕೆಡಿಸಿಯಾಗಲಿ ಗಳಿಸಬಾರದೆಂದೂ ಎಚ್ಚರಿಸಿದ. ಕೊಡುವುದು ಮೂರನೆಯದು. ಕಂತು ಬಾಕಿಯಿರುವ ತಾಯಿ ಸಾಲ ತಂದು ದಶಮಾಂಶ ಹಾಕುವುದನ್ನು ನಾನು ಒಪ್ಪಲಾರೆ. ಹಾಕಿಸಿಕೊಳ್ಳುವ ಸಭೆಯನ್ನಂತೂ ಒಪ್ಪುವುದೇ ಇಲ್ಲ.

ಆಯುವವಳ ಬಳ್ಳ ತುಂಬುವುದರಲ್ಲಿ ಹೊಲದವನ ಪಾಲೂ ಇದೆ. ಸಿವುಡಿನಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಬಿಡಿರೆಂದು ಬೋವಜ ಆಳುಗಳಿಗೆ ಹೇಳಿದ್ದ. ಬಡವರ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬುದು ಮೋಶೆಯ ಕಟ್ಟಳೆ. ನಮ್ಮ ಸಭೆಗಳಲ್ಲಿ ತೋಟವಿರುವವರು, ಅಂಗಡಿಯಿರುವವರು, ಸಂಬಳದವರು ಇದ್ದಾರೆ. ಅವರು ಅದೇ ಸಭೆಯ ವಿಧವೆಗೆ ರವಿಕೆ ಹೊಲಿಯಲು ಕೊಟ್ಟು ತಿಂಗಳಾನುಗಟ್ಟಲೆ ದುಡ್ಡು ಬಾಕಿ ಇಡಬಾರದು. ಬಟ್ಟೆ ಕೈಗೆ ಬಂದ ದಿನವೇ, ಚೌಕಾಸಿ ಮಾಡದೆ, ಪೂರ್ತಿ ಕೊಡಲಿ.