ಕಾಯುವವರ ಋಣ

ಪುಣ್ಯಕೋಟಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗು ವಿರಳ. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳಿದ ಹಸುವನ್ನು ನಾವೆಲ್ಲರೂ ಕೊಂಡಾಡುತ್ತ ಬಂದಿದ್ದೇವೆ. ಆದರೆ ಆ ಕಥೆಯಲ್ಲಿ ಕಾದು ಕುಳಿತ ಜೀವವೊಂದು ಇದೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಹಸಿದ ಹುಲಿಯು ಕೈಗೆ ಸಿಕ್ಕಿದ ಆಹಾರವನ್ನು ಬರಿಯ ಮಾತೊಂದರ ಮೇಲೆ ಬಿಟ್ಟುಕೊಟ್ಟು ಕಾಯುತ್ತದೆ. ಹಸು ಮರಳಿ ಬಂದಾಗ ಹುಲಿಯ ಮನಸ್ಸೇ ಬದಲಾಗುತ್ತದೆ. ಒಂದು ವೇಳೆ ಹಸು ಬಾರದೆ ಹೋಗಿದ್ದರೆ? ಹುಲಿ ಕಳೆದುಕೊಳ್ಳುತ್ತಿದ್ದುದು ಒಂದು ಹೊತ್ತಿನ ಊಟವನ್ನಷ್ಟೇ ಆಗಿರುತ್ತಿರಲಿಲ್ಲ. ಮುಂದೆ ಆ ದಾರಿಯಲ್ಲಿ ಬರುವ ಯಾವ ಹಸುವಿನ ಮಾತನ್ನೂ ಅದು ನಂಬುತ್ತಿರಲಿಲ್ಲ.

ನಮ್ಮ ಕಾಲದಲ್ಲಿ ದೊಡ್ಡ ದೊಡ್ಡ ಮಾತುಗಳನ್ನು ಕೊಡುವುದು ಸರಕಾರಗಳು. ಆ ಮಾತುಗಳು ಬಹುಮಟ್ಟಿಗೆ ರಸ್ತೆ, ಸೇತುವೆ, ಹಳಿಗಳ ರೂಪದಲ್ಲಿರುತ್ತವೆ. ಅವುಗಳಿಗೊಂದು ದಿನಾಂಕವೂ ಇರುತ್ತದೆ. ದಿನಾಂಕ ಮೀರುತ್ತದೆ, ಹೊಸ ದಿನಾಂಕ ಬರುತ್ತದೆ. ಇದನ್ನು ನಾವು ಮಳೆಗಾಲದ ತೇವದಂತೆ ಸಹಜವೆಂದು ಸ್ವೀಕರಿಸಿಬಿಟ್ಟಿದ್ದೇವೆ. ಆದರೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಗತ್ಯ. ಸಾರ್ವಜನಿಕ ಕಾಮಗಾರಿಯೊಂದು ತಡವಾಗುವುದು ಬರಿಯ ಅನನುಕೂಲವೇ, ಅಥವಾ ಅದರಲ್ಲಿ ನೈತಿಕ ದೋಷವೂ ಇದೆಯೇ? ಇದ್ದರೆ ಆ ದೋಷ ನಿಖರವಾಗಿ ಎಲ್ಲಿದೆ?

ಈ ಪ್ರಶ್ನೆಗೆ ಬೆಂಗಳೂರಿನ ಮೆಟ್ರೊ ಒಳ್ಳೆಯ ನಿದರ್ಶನ. ಕಾಸರಗೋಡಿನಲ್ಲಿ ಕುಳಿತು ಬೆಂಗಳೂರಿನ ಹಳಿಗಳ ಚಿಂತೆ ಏಕೆಂದು ಯಾರೂ ಕೇಳಲಾರರು. ಕಣ್ಣೂರಿನಿಂದ ಹೊರಟು ಸಂಜೆ ನಮ್ಮೂರನ್ನು ಹಾದು ಮರುದಿನ ಬೆಳಗ್ಗೆ ಬೆಂಗಳೂರು ಸೇರುವ ರೈಲಿನಲ್ಲಿ ನಮ್ಮ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಇದ್ದೇ ಇರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ದುಡಿಯುವುದು ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ 19.15 ಕಿಲೋಮೀಟರ್ ಉದ್ದದ ಹಳದಿ ಮಾರ್ಗವು ಅವರ ಪಾಲಿಗೆ ವರ್ಷಗಟ್ಟಲೆ ತಲೆಯ ಮೇಲೆ ಹಾದುಹೋಗುವ ಕಾಂಕ್ರೀಟ್ ಆಗಿಯಷ್ಟೇ ಇತ್ತು. ಆ ಮಾರ್ಗ ಸೇರಿದ ಎರಡನೆಯ ಹಂತಕ್ಕೆ ಕೇಂದ್ರದ ಒಪ್ಪಿಗೆ ದೊರೆತದ್ದು 2014ರಲ್ಲಿ. ಕಂಬಗಳೆದ್ದು ನಿಲ್ದಾಣಗಳು ರೂಪುಗೊಂಡ ಮೇಲೂ ಓಡಿಸಲು ಬೋಗಿಗಳಿರಲಿಲ್ಲ. ಬೋಗಿಗಳ ಗುತ್ತಿಗೆ ಚೀನಾದ ಕಂಪನಿಗೆ ಹೋಗಿತ್ತು; ಎರಡು ದೇಶಗಳ ಸಂಬಂಧ ಹದಗೆಟ್ಟಿತು; ಇಲ್ಲಿಯೇ ತಯಾರಿಸುವ ಏರ್ಪಾಡಿಗೆ ಸಮಯ ಹಿಡಿಯಿತು. ಮೊದಲ ರೈಲು ಬಂದದ್ದು 2024ರ ಫೆಬ್ರವರಿಯಲ್ಲಿ. ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಆಗಲೂ ಮೂರೇ ರೈಲುಗಳು, 25 ನಿಮಿಷಕ್ಕೊಂದು.

ಈ ನಡುವಣ ವರ್ಷಗಳಲ್ಲಿ ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಂತವರ ಗಂಟೆಗಳನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಟ್ಟಿಲ್ಲ. ಯೋಜನೆಯ ವೆಚ್ಚ ಹೆಚ್ಚಾದರೆ ಪತ್ರಿಕೆಗಳು ಬರೆಯುತ್ತವೆ, ಲೆಕ್ಕ ಪರಿಶೋಧಕರು ಪ್ರಶ್ನಿಸುತ್ತಾರೆ. ಮಗು ಮಲಗಿದ ಮೇಲೆ ಮನೆ ಸೇರುವ ತಂದೆಯ ಸಂಜೆಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಎಣಿಸಿದರು. ಅವುಗಳ ಸಾಲಿಗೆ ಕಾಯುವವರ ಋಣವನ್ನೂ ಸೇರಿಸಬೇಕೆಂದು ನಮಗೆ ತೋರುತ್ತದೆ. ಹಣದ ಸಾಲವನ್ನು ಬಡ್ಡಿ ಸಮೇತ ತೀರಿಸಬಹುದು. ಇನ್ನೊಬ್ಬರಿಂದ ಪಡೆದ ಕಾಲವನ್ನು ಹಿಂದಿರುಗಿಸುವ ಉಪಾಯ ಮನುಷ್ಯನಿಗೆ ತಿಳಿದಿಲ್ಲ. ಹಿಂದಿರುಗಿಸಲಾಗದ್ದನ್ನು ಪಡೆಯುವವನು ಹೆಚ್ಚು ಎಚ್ಚರದಿಂದಿರಬೇಕು ಎಂಬಲ್ಲಿಂದ ನಮ್ಮ ವಿಚಾರ ಆರಂಭವಾಗುತ್ತದೆ.

ಹಾಗೆಂದು ತಡವಾದದ್ದೆಲ್ಲ ತಪ್ಪೆಂದು ತೀರ್ಪು ಕೊಡಲು ನಾವು ಸಿದ್ಧರಿಲ್ಲ. ನಮ್ಮ ಭಾಗದವರ ಅನುಭವದಲ್ಲೇ ಇರುವ ಎರಡು ಹಳಿಗಳನ್ನು ನೆನೆಯೋಣ. ಮಂಗಳೂರಿನಿಂದ ಹಾಸನಕ್ಕೆ ಘಟ್ಟವೇರುವ ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ಣಗೊಂಡಿತು. 1990ರ ದಶಕದ ಮಧ್ಯದಲ್ಲಿ ಬ್ರಾಡ್ ಗೇಜ್ ಮಾಡುವುದಕ್ಕಾಗಿ ಅದನ್ನು ಮುಚ್ಚಲಾಯಿತು. ಪ್ರಯಾಣಿಕರ ರೈಲು ಮತ್ತೆ ಆ ಘಟ್ಟವನ್ನು ಏರಿದ್ದು 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಗಳಿಗೂ ಮೀರಿದ ಆ ಅವಧಿಯಲ್ಲಿ ಶಿರಾಡಿ ಘಾಟಿಯ ಬಸ್ಸುಗಳಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟ ಒಂದು ತಲೆಮಾರೇ ನಮ್ಮಲ್ಲಿದೆ. ಇನ್ನೊಂದು ಕೊಂಕಣ ರೈಲ್ವೆ. ಅದಕ್ಕಾಗಿ ನಿಗಮ ಸ್ಥಾಪನೆಯಾದದ್ದು 1990ರಲ್ಲಿ. ಐದು ವರ್ಷಗಳಲ್ಲಿ ಮುಗಿಸುವ ಗುರಿಯಿತ್ತು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಮಾರ್ಗ ಲೋಕಾರ್ಪಣೆಯಾದದ್ದು 1998ರ ಜನವರಿ 26ರಂದು. ಲೆಕ್ಕ ಹಿಡಿದು ನೋಡಿದರೆ ಇದೂ ತಡವೇ. ಆದರೆ ಕೊಂಕಣ ರೈಲ್ವೆಯನ್ನು ತಡವಾದ ಕಾಮಗಾರಿಯೆಂದು ಯಾರೂ ನೆನೆಯುವುದಿಲ್ಲ, ಸಾಧನೆಯೆಂದೇ ನೆನೆಯುತ್ತಾರೆ.

ಈ ವ್ಯತ್ಯಾಸಕ್ಕೆ ಕಾರಣವೇನು? ಎರಡೂ ಕಡೆ ಘಟ್ಟ, ಮಳೆ, ಸುರಂಗಗಳಿದ್ದವು. ಕೊಂಕಣದ ಹಳಿಯ ವಿಷಯದಲ್ಲಿ ಗೋವಾದ ಜನ ಮಾರ್ಗವನ್ನೇ ಪ್ರಶ್ನಿಸಿದರು. ಕೆಲವು ಸುರಂಗಗಳಲ್ಲಿ ಬಂಡೆಗೆ ಬದಲು ಕುಸಿಯುವ ಜೇಡಿಮಣ್ಣು ಎದುರಾಯಿತು. ಇವೆಲ್ಲ ಎಲ್ಲರಿಗೂ ತಿಳಿಯುವಂತೆ ನಡೆದವು. ಕೆಲಸ ಯಾವ ಊರಿನವರೆಗೆ ಬಂದಿದೆ, ಯಾವ ಸುರಂಗದಲ್ಲಿ ನಿಂತಿದೆ ಎಂಬುದು ಸಾಮಾನ್ಯನಿಗೂ ಗೊತ್ತಿತ್ತು. ಆ ಕಾಮಗಾರಿಯ ನೇತೃತ್ವ ವಹಿಸಿದ್ದ ಇ. ಶ್ರೀಧರನ್ ಅವರು ಮುಂದೆ ದೆಹಲಿಯ ಮೆಟ್ರೊ ಕಟ್ಟುವಾಗ, ಮುಗಿಸಬೇಕಾದ ದಿನಕ್ಕೆ ಇನ್ನೆಷ್ಟು ದಿನ ಉಳಿದಿದೆ ಎಂದು ತೋರಿಸುವ ಫಲಕಗಳನ್ನು ಇರಿಸಿದ್ದರು. ಆ ಫಲಕದ ಎದುರು ಕುಳಿತ ಎಂಜಿನಿಯರನಿಗೆ ದಿನಾಂಕವೆಂಬುದು ಭಾಷಣದ ಅಲಂಕಾರವಾಗಿ ಉಳಿಯುವುದಿಲ್ಲ. ತಾನು ಹೊತ್ತ ಸಾಲವಾಗುತ್ತದೆ.

ಹೀಗೆ ಯೋಚಿಸಿದಾಗ ವಿಳಂಬದಲ್ಲಿ ಮೂರು ಬಗೆ ಕಾಣುತ್ತದೆ. ಎಚ್ಚರಿಕೆಯಿಂದ ಹುಟ್ಟುವ ವಿಳಂಬ ಮೊದಲನೆಯದು. ಸುರಕ್ಷತಾ ಆಯುಕ್ತರು ಪರಿಶೀಲಿಸಿ ಒಪ್ಪುವವರೆಗೆ ರೈಲು ಓಡಬಾರದು ಎಂಬುದು ಅಂಥದ್ದು. ಅದು ಗುಣವೇ ಹೊರತು ದೋಷವಲ್ಲ. ಕೈಮೀರಿದ ಕಾರಣಗಳಿಂದ ಬರುವ ವಿಳಂಬ ಎರಡನೆಯದು. ಅದಕ್ಕೆ ಕ್ಷಮೆಯುಂಟು, ಕಾರಣವನ್ನು ಕಾಯುವವರಿಗೆ ತಿಳಿಸಿದ್ದರೆ. ಮೂರನೆಯದು, ದಿನಾಂಕ ಕೊಟ್ಟವರೇ ಅದನ್ನು ನಂಬದೆ ಇದ್ದಾಗ ಆಗುವಂಥದ್ದು. ಬೆಂಗಳೂರಿನ ಉಪನಗರ ರೈಲಿಗೆ, ನಾಲ್ಕು ಮಾರ್ಗಗಳ ಸುಮಾರು 148 ಕಿಲೋಮೀಟರುಗಳ ಯೋಜನೆಗೆ, 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. 40 ತಿಂಗಳುಗಳ ಮಾತು ಅಂದು ಕೇಳಿಬಂತು. 2025ರ ಅಕ್ಟೋಬರಿಗೆ 40 ತಿಂಗಳು ತುಂಬಿದವು. ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ. ಆ ಮಾತು ಹೇಳಿದವರ ಮನಸ್ಸಿನೊಳಗೆ ಏನಿತ್ತೆಂದು ತೀರ್ಮಾನಿಸಲು ನಾವು ಅಂತರ್ಯಾಮಿಗಳಲ್ಲ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಅಂಕೆಯನ್ನು ಹೇಳಲು ವೇದಿಕೆ ಕಟ್ಟಿದ್ದರು. ಅಂಕೆ ತಪ್ಪಿದ್ದನ್ನು ಹೇಳಲು ಯಾರೂ ವೇದಿಕೆ ಕಟ್ಟಲಿಲ್ಲ. ನಾವು ಹುಡುಕುತ್ತಿರುವ ದೋಷ ಇರುವುದು ಅಲ್ಲಿ. ತಡವಾದುದಕ್ಕಿಂತ, ತಡವಾದ ಮೇಲೆ ಕಾಯುವವರ ಮುಂದೆ ಬಂದು ನಿಲ್ಲದಿರುವುದು ದೊಡ್ಡ ತಪ್ಪು. ಹಿಂದೆ ನಮ್ಮ ಹಳ್ಳಿಗಳಲ್ಲಿ ಭೂತವನ್ನು ಹಿಂದಕ್ಕೆ ಕಳಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಂತೆ. ಪ್ರಜೆಯನ್ನು ಹಾಗೆ ಕಳಿಸಲಾಗದು, ಬಾಗಿಲು ಅವನದೇ.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಖಚಿತವಾದ ದಿನಾಂಕವನ್ನೇ ಹೇಳಬೇಕೆಂದರೆ ಯಾವ ದೊಡ್ಡ ಕೆಲಸವೂ ಆರಂಭವಾಗದು. ಹಣ ಕೊಡುವವರು, ಒಪ್ಪಿಗೆ ಕೊಡುವವರು, ಜನರು, ಎಲ್ಲರನ್ನೂ ಒಟ್ಟುಗೂಡಿಸಲು ತುಸು ಹಿಗ್ಗಿದ ಭರವಸೆ ಬೇಕೇ ಬೇಕು ಎಂದು ಅನುಭವಸ್ಥರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ ನಮ್ಮ ಭಾಷೆಯೇ ಆಶಯಕ್ಕೂ ವಚನಕ್ಕೂ ಬೇರೆ ಬೇರೆ ಕ್ರಿಯಾಪದಗಳನ್ನು ಇರಿಸಿದೆ. ‘ಮಾಡಬೇಕೆಂದಿದ್ದೇವೆ’ ಎನ್ನುವುದು ಒಂದು, ‘ಮಾಡಿಯೇ ಕೊಡುತ್ತೇವೆ’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಕೇಳಿದವನು ಹಾರೈಸುತ್ತಾನೆ. ಎರಡನೆಯದನ್ನು ಕೇಳಿದವನು ಅದರ ಮೇಲೆ ಮನೆ ಕಟ್ಟುತ್ತಾನೆ, ಬಾಡಿಗೆ ಹಿಡಿಯುತ್ತಾನೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತಾನೆ. ಆಶಯವನ್ನು ವಚನದ ವೇಷದಲ್ಲಿ ಕಳಿಸಿದರೆ ಬೆಲೆ ತೆರುವವನು ನಂಬಿದವನೇ.

ಹಳಿಗಾಗಿ ಕಾಯುವವರು ಮಾತ್ರ ಕಾಯುವುದಲ್ಲ. ಹಳಿ ಬಾರದಿರಲೆಂದು ಕಾಯುವವರೂ ಇದ್ದಾರೆ. ತಿರುವನಂತಪುರದಿಂದ ಕಾಸರಗೋಡಿಗೆ ಸುಮಾರು 530 ಕಿಲೋಮೀಟರುಗಳ ಸಿಲ್ವರ್‌ಲೈನ್ ಯೋಜನೆಗೆಂದು ಕೇರಳದಲ್ಲಿ ನೆಟ್ಟ ಹಳದಿ ಕಲ್ಲುಗಳನ್ನು ನಾವು ಮರೆತಿಲ್ಲ. 2022ರಲ್ಲಿ ಜನ ಆ ಕಲ್ಲುಗಳನ್ನು ಕಿತ್ತರು. ಹೆಂಗಸರು ಅಂಗಳದಲ್ಲಿ ಅಡ್ಡ ನಿಂತರು. ನಾಲ್ಕು ಗಂಟೆಗಳಲ್ಲಿ ರಾಜಧಾನಿ ತಲುಪುವ ಆಸೆ ನಮ್ಮಲ್ಲಿ ಕೆಲವರಿಗಿತ್ತು. ಅಜ್ಜ ನೆಟ್ಟ ತೆಂಗಿನ ಬುಡದಲ್ಲಿ ಸರಕಾರದ ಕಲ್ಲು ನೋಡಿದವರ ಸಂಕಟವೂ ನಮ್ಮವರದೇ. ಅವರ ಮಾತನ್ನು ಕೇಳಲು ಹಿಡಿಯುವ ಕಾಲ ವ್ಯರ್ಥವಲ್ಲ. ಅದು ನ್ಯಾಯದ ಕಾಲ. ಆದರೆ ಹೂಂ ಎಂದೂ ಹೇಳದೆ, ಇಲ್ಲವೆಂದೂ ಹೇಳದೆ ಕಲ್ಲನ್ನು ಹಾಗೆಯೇ ಬಿಟ್ಟರೆ ಆ ಜಾಗವನ್ನು ಕೊಳ್ಳುವವರು ಹಿಂಜರಿಯುತ್ತಾರೆ, ಮಗನಿಗೆ ಅಲ್ಲಿ ಮನೆ ಕಟ್ಟಿಕೊಡಲು ಧೈರ್ಯ ಬಾರದು. ಹಳಿ ಬೇಕೆನ್ನುವವನಿಗೂ ಬೇಡವೆನ್ನುವವನಿಗೂ ಸಲ್ಲಬೇಕಾದದ್ದು ಒಂದೇ: ಸ್ಪಷ್ಟವಾದ ಉತ್ತರ.

ಕಾಯುವವರ ಪರವಾಗಿ ಇಷ್ಟು ಹೇಳಿದ ಮೇಲೆ ನಮ್ಮ ಅವಸರವನ್ನೂ ತೂಗಿ ನೋಡಬೇಕು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ದ್ವಿಚಕ್ರ ವಾಹನದ ಮೇಲೆ ಉರುಳಿ ತಾಯಿಯೂ ಪುಟ್ಟ ಮಗುವೂ ತೀರಿಕೊಂಡರು. ಆ ಸುದ್ದಿ ಓದಿದ ದಿನ ಯಾರೂ ‘ಕೆಲಸ ಬೇಗ ಮುಗಿಯಲಿ’ ಎನ್ನಲಿಲ್ಲ. ಸ್ವಲ್ಪ ದಿನಗಳ ಬಳಿಕ ಮತ್ತೆ ಎಲ್ಲರೂ ಅದನ್ನೇ ಅಂದೆವು. ಒಡಿಶಾ, ಬಿಹಾರ, ಬಂಗಾಳಗಳಿಂದ ಬಂದು ರಾತ್ರಿ ಪಾಳಿಯಲ್ಲಿ ಕಬ್ಬಿಣ ಕಟ್ಟುವ ಕೂಲಿಕಾರನ ಬೆನ್ನ ಮೇಲೆ ನಮ್ಮ ಅವಸರದ ಭಾರವೂ ಬೀಳುತ್ತದೆ. ಆದ್ದರಿಂದ ನಾವು ಕೇಳಬೇಕಾದದ್ದು ವೇಗವನ್ನಲ್ಲ, ಸತ್ಯವನ್ನು. ಎರಡು ವರ್ಷ ಬೇಕೆಂದರೆ ಎರಡು ವರ್ಷ ಎಂದೇ ಹೇಳಲಿ. ಕಾಯುವುದನ್ನು ನಾವು ಬಲ್ಲೆವು.

ಗಡಿನಾಡಿನ ಕನ್ನಡಿಗರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಾಞಂಗಾಡಿನಿಂದ ಪಾಣತ್ತೂರಿನ ಮೂಲಕ ಕಾಣಿಯೂರಿಗೆ ಸುಮಾರು 90 ಕಿಲೋಮೀಟರುಗಳ ಹಳಿ ಹಾಸಿದರೆ ಜಿಲ್ಲೆಯ ದಕ್ಷಿಣ ಭಾಗಕ್ಕೆ ಬೆಂಗಳೂರು ಹತ್ತಿರವಾದೀತು ಎಂಬ ಮಾತನ್ನು ಕೇಳುತ್ತಲೇ ಬಂದಿದ್ದೇವೆ. ಸಮೀಕ್ಷೆ ನಡೆದಿದೆ, ಎರಡು ರಾಜ್ಯಗಳ ನಡುವೆ ಪತ್ರಗಳು ಓಡಾಡಿವೆ, ರೈಲು ಓಡಿಲ್ಲ. ಚಂದ್ರಗಿರಿಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಅದಕ್ಕಾಗಿ ಕಾದವರಲ್ಲಿ ಬಹುಮಂದಿ ಈಗ ನಮ್ಮೊಂದಿಗಿಲ್ಲ. ಅವರು ಕಾಯುತ್ತ ಕೈಕಟ್ಟಿ ಕುಳಿತಿರಲಿಲ್ಲ. ಶಾಲೆಗಳನ್ನು ಉಳಿಸಿದರು, ಯಕ್ಷಗಾನ ಆಡಿಸಿದರು, ಪುಸ್ತಕ ಅಚ್ಚು ಹಾಕಿಸಿದರು. ಆದರೂ ದೀರ್ಘವಾಗಿ ಕಾದವರಲ್ಲಿ ಒಂದು ದೌರ್ಬಲ್ಯ ಮೂಡುತ್ತದೆಂಬುದನ್ನು ನಾವು ನಮ್ಮಲ್ಲೇ ಕಂಡಿದ್ದೇವೆ. ಯಾರಾದರೂ ಹೊಸ ಭರವಸೆ ಕೊಟ್ಟರೆ ನಗುತ್ತೇವೆ. ಕೊಟ್ಟವನನ್ನು ಪ್ರಶ್ನಿಸುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಹಸು ಬಾರದೆ ಹೋದ ಹುಲಿಯ ಸ್ಥಿತಿ ಅದು. ಆ ನಗೆ ಮಾತು ತಪ್ಪಿದವನಿಗೆ ತುಂಬ ಅನುಕೂಲ. ನಂಬಿ, ನೆನಪಿಟ್ಟು, ದಿನಾಂಕ ಮೀರಿದ ಮರುದಿನ ಏನಾಯಿತೆಂದು ಕೇಳುವ ಪ್ರಜೆ ಅವನಿಗೆ ಹೆಚ್ಚು ಕಷ್ಟದವನು.

ಇಷ್ಟು ಬರೆದ ಬಳಿಕ ನಮ್ಮ ಮನೆಯಂಗಳವನ್ನೂ ಗುಡಿಸಿಕೊಳ್ಳಬೇಕಾಗಿದೆ. ಆಮಂತ್ರಣ ಪತ್ರಿಕೆಯಲ್ಲಿ ಹತ್ತು ಗಂಟೆಯೆಂದು ಅಚ್ಚು ಹಾಕಿಸಿ ಅತಿಥಿಗಳಿಗಾಗಿ ಹನ್ನೊಂದೂವರೆಯವರೆಗೆ ಸಭಿಕರನ್ನು ಕೂರಿಸುವ ಅಭ್ಯಾಸ ನಮ್ಮ ಸಂಘಗಳಿಗೆ ಹೊಸತಲ್ಲ. ಹತ್ತಕ್ಕೆ ಸರಿಯಾಗಿ ಬಂದು ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರ ಒಂದೂವರೆ ಗಂಟೆಯನ್ನು ನಾವೂ ಹಿಂದಿರುಗಿಸಲಾರೆವು. ಈ ಸ್ಮರಣ ಸಂಚಿಕೆಯ ಲೇಖನಗಳನ್ನು ಕೂಡ ನಾವು ಲೇಖಕರು ಸಂಪಾದಕರಿಗೆ ಗಡುವು ಮೀರಿದ ಮೇಲೆಯೇ ತಲುಪಿಸಿದ್ದೇವೆ. ಅವರು ಫೋನಿನ ಮೇಲೆ ಫೋನು ಮಾಡಿ ಕಾದಿದ್ದಾರೆ. ಮುಂದಿನ ಸಮ್ಮೇಳನದ ಉದ್ಘಾಟನೆ ಹತ್ತಕ್ಕೆಂದು ಬರೆದರೆ ಹತ್ತಕ್ಕೇ ದೀಪ ಹಚ್ಚೋಣ. ಅತಿಥಿಗಳು ತಡವಾದರೆ, ಕಾರಣವೇನೆಂದು ಯಾರಾದರೊಬ್ಬರು ಎದ್ದು ನಿಂತು ಸಭೆಗೆ ತಿಳಿಸಲಿ.